ಸುತ್ತಳತೆ ಸರಿ, ಆ ಗೆರೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೂರು-ನಾಲ್ಕನೇ ತರಗತಿಯ ಮಕ್ಕಳಿಗೆ ಸುತ್ತಳತೆ ಹೇಳಿಕೊಡಲು ಒಂದು ಕತೆ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಅರ್ಧಕ್ಕೆ ನಿಂತಿದೆ. ನಿಮ್ಮ ನೆರವು ಬೇಕು.

ಕುರಿಗಾಹಿ ಬೀರಪ್ಪ ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾನೆ. ಅವನ ಹತ್ತಿರ ಇರುವುದು 20 ಮಾರು ಬಲೆ. ಮೊದಲ ದಿನ ಉದ್ದ 5 ಮಾರು, ಅಗಲ 5 ಮಾರು ಬರುವಂತೆ ಗೂಟ ನೆಟ್ಟು ಕಟ್ಟುತ್ತಾನೆ. ಕುರಿಗಳು ಆರಾಮಾಗಿ ಮಲಗುತ್ತವೆ. ಮರುದಿನ ಸಿಕ್ಕಿದ್ದು ಪಟ್ಟಿಯಂಥ ಜಾಗ. ಉದ್ದ 8, ಅಗಲ 2. ಅದೇ ಬಲೆ, ಅವೇ ಕುರಿಗಳು, ಆದರೆ ನೂಕುನುಗ್ಗಲು. "ಬಲೆ ಅಷ್ಟೇ ಇದೆಯಲ್ಲಪ್ಪಾ, ಜಾಗ ಎಲ್ಲಿ ಹೋಯ್ತು?" ಅಂತ ಮಗಳು ಕೇಳುತ್ತಾಳೆ. 25 ಚದರ ಮಾರು ಇದ್ದದ್ದು 16ಕ್ಕೆ ಇಳಿದಿದೆ, ಸುತ್ತಳತೆ ಮಾತ್ರ 20 ಮಾರೇ. ಸೂತ್ರ ಬಾಯಿಪಾಠ ಆಗುವ ಮೊದಲೇ ಇದು ಮಕ್ಕಳ ಕಣ್ಣಿಗೆ ಬೀಳಬೇಕು ಅನ್ನೋದು ನನ್ನ ಆಸೆ. ಮಾರಿನ ಲೆಕ್ಕ ಇಟ್ಟುಕೊಂಡದ್ದೂ ಅದಕ್ಕೇ. ಎರಡೂ ಕೈ ಚಾಚಿದರೆ ಅಳತೆ ಸಿಕ್ಕಿಬಿಡುತ್ತದೆ.

'ಸುತ್ತಳತೆ' ಪದದ ಬಗ್ಗೆ ನನಗೆ ತಕರಾರಿಲ್ಲ. ಸುತ್ತು, ಅಳತೆ ಎರಡೂ ಮಗುವಿಗೆ ಗೊತ್ತು. ತೆಲುಗಿನ ಚುಟ್ಟುಕೊಲತ, ತಮಿಳಿನ ಸುಟ್ರಳವು, ಮಲಯಾಳದ ಚುಟ್ಟಳವು ಕೂಡ ಇದೇ ಥರ ಕಟ್ಟಿದ ಪದಗಳು. ಮರಾಠಿಯ ಹಾಗೆ 'ಪರಿಮಿತಿ' ಅನ್ನೋಣ ಎಂದರೆ ನಮ್ಮಲ್ಲಿ ಅದಕ್ಕೆ ಮಿತಿ ಅನ್ನೋ ಅರ್ಥವೇ ಜಾಸ್ತಿ. 'ಪರಿಧಿ' ವೃತ್ತಕ್ಕೆ ಮೀಸಲಾಗಿದೆ, ಅದು ಅಲ್ಲೇ ಇರಲಿ.

ತೊಂದರೆ ಬರೋದು ಅಳೆಯುವ ಮೊದಲು. ಸುತ್ತಳತೆ ಅಂದರೆ ಒಂದು ಉದ್ದ, 20 ಮಾರು. ಯಾವುದರ ಉದ್ದ? ಜಾಗವನ್ನು ಪೂರ್ತಿ ಸುತ್ತಿಕೊಂಡು ಹೊರಟಲ್ಲಿಗೇ ಬಂದು ಸೇರುವ ಆ ಗೆರೆಗೆ ಮಗು ಏನೆನ್ನಬೇಕು?

ಮೊದಲು 'ಅಂಚು' ಅಂತ ಬರೆದೆ. ಆದರೆ ಸೀರೆ ನೋಡಿ. ಅಂಚು ಇರೋದು ಉದ್ದದ ಎರಡು ಬದಿಗೆ, ಒಂದು ತುದಿಗೆ ಸೆರಗು. ಐದೂವರೆ ಮೀಟರ್ ಸೀರೆಯ ಅಂಚು ಅಳೆದು ಬಾ ಎಂದರೆ ಮನೆಯಲ್ಲಿ ಸೀರೆ ನೋಡಿ ಬೆಳೆದ ಮಗು 11 ಮೀಟರ್ ಎಂದೀತು. ಅದರ ಮಟ್ಟಿಗೆ ಅದು ಸರಿಯೇ ಅಲ್ವಾ? ಅಗಲದ ಎರಡು ಬದಿಗಳು ಬಿಟ್ಟೇ ಹೋದವು. 'ಬದು' ಹೊಲಕ್ಕೆ ಚೆನ್ನ, ಆದರೆ ಬದುವಿಗೇ ಅಗಲ ಇದೆ, ಅದರ ಮೇಲೆ ನಡೆದಾಡುತ್ತೇವೆ. ಒಳಬದಿ ಅಳೆಯಬೇಕಾ, ಹೊರಬದಿಯಾ? 'ಗಡಿ' ಅಂದರೆ ಊರು, ದೇಶ ನೆನಪಾಗುತ್ತದೆ. 'ಎಲ್ಲೆ' ಇಷ್ಟ, ಆದರೆ ಇಷ್ಟು ಚಿಕ್ಕವರ ಬಾಯಲ್ಲಿ ಅದನ್ನು ನಾನು ಕೇಳಿಲ್ಲ.

'ಬೇಲಿ' ಅಥವಾ 'ಬಲೆ' ಅಂತಲೇ ಬಿಟ್ಟರೆ ಕತೆ ಮುಂದೆ ಕೈಕೊಡುತ್ತದೆ. ಮೂರನೇ ದಿನ ಬೀರಪ್ಪನಿಗೆ ಕಲ್ಲಿನ ಗೋಡೆ ಸಿಗುತ್ತದೆ. ಒಂದು ಬದಿಗೆ ಗೋಡೆ, ಉಳಿದ ಮೂರು ಬದಿಗೆ ಬಲೆ. ಗೋಡೆಯ ಗುಂಟ 10 ಮಾರು, ಆಚೀಚೆ ಐದೈದು. ಬಲೆ ಅದೇ 20 ಮಾರು, ಜಾಗ 50 ಚದರ ಮಾರು. ಈಗ ಸುತ್ತಳತೆ ಎಷ್ಟು? 30. ಗೋಡೆಯ ಬದಿಯೂ ಸೇರಬೇಕು. ಬಲೆಯೇ ಸುತ್ತಳತೆ ಎಂದುಕೊಂಡ ಮಗು 20 ಎನ್ನುತ್ತದೆ. ಕತೆಯಲ್ಲಿ ನನಗೆ ಬಹಳ ಮುಖ್ಯವಾದ ಜಾಗ ಇದು, ಇದನ್ನು ಬಿಡಲು ಮನಸ್ಸಿಲ್ಲ.

ಸದ್ಯಕ್ಕೆ 'ಸುತ್ತುಗೆರೆ' ಅಂತ ಹಾಕಿದ್ದೇನೆ. "ಸುತ್ತುಗೆರೆಯ ಉದ್ದವೇ ಸುತ್ತಳತೆ" ಎಂದು ಒಂದೇ ಉಸಿರಿಗೆ ಹೇಳಬಹುದು. ಆದರೆ 'ಸುತ್ತು' ಕೇಳಿ ಮಕ್ಕಳು ದುಂಡಗಿನ ಗೆರೆ ಅಂದುಕೊಳ್ಳುತ್ತಾರಾ? ತರಗತಿಯಲ್ಲಿ ಪಾಠ ಮಾಡುವವರು ಹೇಳಬೇಕು. ಕುರಿ ನಿಲ್ಲಿಸುವವರ, ಗದ್ದೆ ಮಾಡುವವರ, ಕೌದಿ ಹೊಲಿಯುವವರ ಮಾತಿನಲ್ಲಿ ನಾಲ್ಕೂ ಬದಿ ಸೇರಿಸಿ ಹೇಳುವ ಪದ ಇದ್ದರೆ, ಯಾವ ಸೀಮೆಯದು ಎಂಬುದರ ಜೊತೆ ತಿಳಿಸಿ. ಹೊಸದಾಗಿ ಕಟ್ಟಿದ ಪದಕ್ಕಿಂತ ಬಳಕೆಯಲ್ಲಿರೋ ಪದ ಸಿಕ್ಕರೆ ಅದನ್ನೇ ಹಾಕುತ್ತೇನೆ.