ದಂಡ ಕಟ್ಟಿ ಬಂದ ಮೇಲೆ ಏನು? ಕುಡಿದು ಗಾಡಿ ಓಡಿಸಿದವರ ಮನೆಯವರ ಪ್ರಶ್ನೋತ್ತರ

ಪ್ರಶ್ನೆ (ಸದಸ್ಯೆ, ಹುಬ್ಬಳ್ಳಿ): ಮೇಡಂ, ನಮಸ್ಕಾರ. ನಮ್ಮ ಮನೆಯವರು ಗೂಡ್ಸ್ ಗಾಡಿ ಓಡಿಸುತ್ತಾರೆ. ಹೋದ ತಿಂಗಳು ಗೋಕುಲ ರಸ್ತೆಯಲ್ಲಿ ಪೊಲೀಸರು ಊದಿಸಿದಾಗ, ಮಿತಿ 30 ಇರುವಲ್ಲಿ 94 ಬಂತು. ಕೋರ್ಟಿನಲ್ಲಿ 10,000 ಕಟ್ಟಿದೆವು, ಅದೂ ನನ್ನ ಸಂಘದ ಸಾಲದ ರೊಕ್ಕ. ಲೈಸೆನ್ಸ್ ಅಮಾನತಾಗಿದೆ. ಅವತ್ತು ಅತ್ತೆಯ ತಲೆ ಮುಟ್ಟಿ ಆಣೆ ಮಾಡಿದರು. ನಾಲ್ಕು ದಿನ ನಡೆಯಿತು, ಅಷ್ಟೇ. ಈಗ ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ. ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿಯುತ್ತಾರೆ. ಸ್ವಲ್ಪ ಕುಡಿದರೆ ನಿಲ್ಲುತ್ತದೆ. ಪರಿಚಯದವರೊಬ್ಬರು ಪುಡಿ ಕೊಡುತ್ತಾರಂತೆ, ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿದರೆ ಕುಡಿಯೋದು ಬಿಡುತ್ತಾರಂತೆ. ಹಾಕಲಾ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಧಾರವಾಡ): ಅಕ್ಕಾ, ಹಾಕಬೇಡಿ. ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಕೊಡುವವರೂ ಹೇಳುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಸಾರಿಗೆ ಹಾಕಿದ ಮನೆಗಳನ್ನು ನಾನು ನೋಡಿದ್ದೇನೆ. ಆ ಮಾತ್ರೆ ಒಳಗಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಜೀವಕ್ಕೇ ಅಪಾಯ ಬರಬಹುದು. ಅದು ಡಾಕ್ಟರು ಪರೀಕ್ಷೆ ಮಾಡಿ, ರೋಗಿಗೆ ತಿಳಿಸಿ, ಅವರೇ ಒಪ್ಪಿ ತೆಗೆದುಕೊಳ್ಳುವ ಮಾತ್ರೆ. ಇನ್ನೊಂದು ಮಾತು. ಊಟದಲ್ಲಿ ಏನೋ ಬೆರೆಸಿದ್ದು ಒಂದು ಸಲ ಗೊತ್ತಾದರೆ ಅವರು ನಿಮ್ಮ ಕೈಯ ನೀರನ್ನೂ ನಂಬುವುದಿಲ್ಲ. ಮುಂದೆ ಚಿಕಿತ್ಸೆಗೆ ಕರೆದರೂ ಬರುವುದಿಲ್ಲ.

ಬೆಳಗಿನ ನಡುಕವೇ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದೆ. ಮೈ ಕುಡಿತಕ್ಕೆ ಒಗ್ಗಿಹೋಗಿದೆ ಅನ್ನುವುದರ ಗುರುತು ಅದು. ಇಂಥವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಗೊಂದಲ ಶುರುವಾಗುತ್ತದೆ. ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ. ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಅದಕ್ಕೇ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಕೆಲಸ ಬೇಡ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆತನ್ನಿ, ಇಲ್ಲವೇ ಈಗ ಕೆಎಂಸಿಆರ್‌ಐ ಅಂತ ಹೆಸರಾಗಿರುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ ಮನೋರೋಗ ವಿಭಾಗದಲ್ಲಿ ತೋರಿಸಿ. ಮೊದಲು ನಡುಕ ತಡೆಯುವ ಮಾತ್ರೆ, ಬಿ1 ವಿಟಮಿನ್ ಕೊಡುತ್ತಾರೆ. ಮೈ ಸುಧಾರಿಸಿದ ಮೇಲೆ ಆಸೆ ತಗ್ಗಿಸುವ ಔಷಧ, ಜೊತೆಗೆ ಮಾತುಕತೆ. ಆ ಮಾತುಕತೆ ತಿಂಗಳುಗಟ್ಟಲೆ ನಡೆಯಬೇಕು. ನಡುವೆ ಒಮ್ಮೆ ಕುಡಿದುಬಿಟ್ಟರೆ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಮತ್ತೆ ಕರೆದುಕೊಂಡು ಬನ್ನಿ.

ಪ್ರಶ್ನೆ (ಸದಸ್ಯ, ಗದಗ): ಮೇಡಂ, ನನ್ನ ತಮ್ಮನೂ ಹೀಗೇ ಸಿಕ್ಕಿಬಿದ್ದಿದ್ದಾನೆ. "ಬರೀ ಬಿಯರ್ ಕುಡಿದಿದ್ದೆ, ಅದೂ ರಾತ್ರಿ" ಅಂತಾನೆ. ಬೆಳಿಗ್ಗೆ ಓಡಿಸಿದರೂ ತಪ್ಪಾ?

ಉತ್ತರ: ಅಣ್ಣಾ, "ಬರೀ ಬಿಯರ್" ಅನ್ನೋ ಮಾತು ನಮ್ಮಲ್ಲಿ ದಿನಾ ಕೇಳುತ್ತೇವೆ. ಹಾಗೆ ಅಂದವರ ಮುಂದೆ ನಾನು ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟು ತೋರಿಸುತ್ತೇನೆ. ಶೇಕಡಾ 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿ ಒಂದು ಕಡೆ. ವಿಸ್ಕಿಯ 30 ಎಂಎಲ್ ಪೆಗ್‌ಗಳು ಇನ್ನೊಂದು ಕಡೆ. ಆ ಒಂದು ಬಾಟಲಿ ನಾಲ್ಕು ಪೆಗ್‌ಗೆ ಸಮ. ನಾಲ್ಕನೇ ಲೋಟ ಇಟ್ಟಾಗ ಎಷ್ಟೋ ಜನ ಸುಮ್ನೆ ನೋಡ್ತಾ ಕೂತುಬಿಡುತ್ತಾರೆ.

ಒಂದು ಪೆಗ್ ಕರಗಿಸಲು ಲಿವರ್‌ಗೆ ಸುಮಾರು ಒಂದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನಿಂಬೆರಸ, ತಣ್ಣೀರಿನ ಸ್ನಾನ, ಕಡಕ್ ಚಹಾ, ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ರಾತ್ರಿ 11ರವರೆಗೆ ಎರಡು ಕ್ವಾರ್ಟರ್ ಖಾಲಿ ಮಾಡಿ, ಬೆಳಗಿನ ಜಾವ 4ಕ್ಕೆ ಅಮರಗೋಳ ಎಪಿಎಂಸಿಗೆ ಲೋಡ್ ತರಲು ಹೊರಟ ಡ್ರೈವರ್ ಇನ್ನೂ ಅಮಲಿನಲ್ಲೇ ಇರುತ್ತಾನೆ. ನಿದ್ದೆ ಮಾಡಿ ಎದ್ದಿದ್ದಾನೆ, ಅಷ್ಟೇ. ನಮ್ಮ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಅದನ್ನು ದಾಟಿದರೆ ಬೆಳಿಗ್ಗೆಯೂ ಕೇಸೇ. ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 15,000, ಜೈಲು 2 ವರ್ಷದವರೆಗೆ. ಲೈಸೆನ್ಸ್ ಅಮಾನತಾದರೆ, ಅವಧಿ ಮುಗಿದ ಮೇಲೂ ರಿಫ್ರೆಶರ್ ತರಬೇತಿ ಮುಗಿಸಿದರಷ್ಟೇ ವಾಪಸ್ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿದೆ.

ಪ್ರಶ್ನೆ (ಸದಸ್ಯ, ಹಾವೇರಿ): ಹಾಗಾದರೆ ಕೋರ್ಟೇ ಚಿಕಿತ್ಸೆಗೆ ಕಳಿಸಬಹುದಲ್ವಾ?

ಉತ್ತರ: ಕಳಿಸಬೇಕು ಅನ್ನುವುದೇ ನನ್ನ ಆಸೆ ಸರ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಸಿಕ್ಕವರಿಗೂ ಸಾಮಾನ್ಯವಾಗಿ ಮೂರು ತಿಂಗಳ ತರಗತಿ ಇರುತ್ತದೆ. ಅಮಲು ತುಂಬಾ ಜಾಸ್ತಿ ಇದ್ದವರಿಗೆ ಒಂಬತ್ತು ತಿಂಗಳು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಂನಲ್ಲಿ ದಂಡ ಇದೆ, ಜೈಲು ಇದೆ, ಚಿಕಿತ್ಸೆಯ ಮಾತೇ ಇಲ್ಲ. ರಸೀದಿ ಹಿಡಿದು ಕೋರ್ಟಿನಿಂದ ಹೊರಬಂದ ಮನುಷ್ಯನಿಗೆ "ನಿನಗೆ ಕುಡಿತದ ಕಾಯಿಲೆ ಇದೆಯಾ, ತೋರಿಸಿಕೋ" ಅಂತ ಯಾರೂ ಹೇಳುವುದಿಲ್ಲ. ಆ ಮಾತನ್ನು ಮನೆಯವರೇ ಹೇಳಬೇಕಾಗಿದೆ. ಕುಡಿದಾಗ ಹೇಳಬೇಡಿ, ಜಗಳದ ನಡುವೆಯೂ ಬೇಡ. ಬೆಳಿಗ್ಗೆ ಸಮಾಧಾನವಾಗಿದ್ದಾಗ ಹೇಳಿ. ಅವರು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಬಂದು ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ರೊಕ್ಕ ಇಲ್ಲ.

ಮತ್ತೆ ಮೊದಲ ಸದಸ್ಯೆ: ಮೇಡಂ, ಪುಡಿ ಬೇಡ ಅಂತ ಹೇಳಿಬಿಟ್ಟೆ. ಸೋಮವಾರ ಬರುತ್ತೇವೆ ಅಂತ ಇವರು ಒಪ್ಪಿದ್ದಾರೆ. ಬೆಳಿಗ್ಗೆ ಕುಡಿಯದೇ ಬರಲಿ ಅಂತ ಹಟ ಮಾಡಲಾ?

ಉತ್ತರ: ಬೇಡ ಅಕ್ಕಾ. ಯಾವ ಸ್ಥಿತಿಯಲ್ಲಿದ್ದರೂ ಕರೆತನ್ನಿ, ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ದಿನಕ್ಕೆ ಎಷ್ಟು, ಕೊನೆಯ ಸಲ ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿತ್ತಾ, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಧಾರ್ ಇರಲಿ, ಹಳೆಯ ಆಸ್ಪತ್ರೆ ಚೀಟಿಗಳಿದ್ದರೆ ಅವೂ ಇರಲಿ. ಗಾಡಿ ಕೀಲಿ ಮಾತ್ರ ಮನೆಯಲ್ಲೇ ಬಿಡಿ. ಇಬ್ಬರೂ ಚಿಗರಿ ಬಸ್ ಹತ್ತಿ ಧಾರವಾಡದಲ್ಲಿ ಇಳಿದು, ಅಲ್ಲಿಂದ ಆಟೋ ಮಾಡಿಕೊಂಡು ಬನ್ನಿ.