ಕಾಡುಕಪ್ಪೆಯ ರೆಫರೆನ್ಸ್ ಜೀನೋಮ್: ದುಡ್ಡಿರುವುದು ಒಂದೇ ಸುತ್ತಿಗೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ಇದುವರೆಗೆ ಯಾರೂ ಜೀನೋಮ್ ಓದಿರದ ಒಂದು ಕಾಡುಕಪ್ಪೆಗೆ ರೆಫರೆನ್ಸ್ ಜೀನೋಮ್ (ಆ ಪ್ರಭೇದದ ಇಡೀ ಡಿಎನ್‌ಎಯ ಮಾದರಿ ಪ್ರತಿ) ತಯಾರಿಸಬೇಕಿದೆ. ಎರಡು ಕಪ್ಪೆ ಹಿಡಿಯಲಷ್ಟೇ ಅನುಮತಿ ಸಿಕ್ಕಿದೆ. ಹತ್ತಿರದ ಪ್ರಭೇದದ ಜೀನೋಮ್ ಗಾತ್ರ 4.6 ಪೈಕೋಗ್ರಾಮ್, ಕ್ರೋಮೋಸೋಮ್ 26. ಎಥನಾಲ್‌ನಲ್ಲಿಟ್ಟ ಹಳೆಯ ಕಾಲಿನ ತುಂಡುಗಳೂ ಕೈಯಲ್ಲಿವೆ. ಎಷ್ಟು ಡೇಟಾ ಬೇಕು? ಹೈ-ಸಿ (ಕೋಶಕೇಂದ್ರದೊಳಗೆ ಯಾವ ಡಿಎನ್‌ಎ ತುಂಡುಗಳು ಹತ್ತಿರ ಇವೆ ಎಂದು ತೋರಿಸುವ ವಿಧಾನ) ಬೇಕೇ ಬೇಕೆ? ಜೋಡಣೆ (ಓದಿದ ತುಂಡುಗಳನ್ನು ಸೇರಿಸಿ ಜೀನೋಮ್ ಕಟ್ಟುವುದು) ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಡೇಟಾ ಲೆಕ್ಕ ಆಮೇಲೆ ನೋಡೋಣ, ಮೊದಲು ಮಾದರಿ. ಕೆಟ್ಟ ಜೋಡಣೆಗಳಲ್ಲಿ ಹೆಚ್ಚಿನವು ಕೆಡುವುದು ಕಂಪ್ಯೂಟರಿನಲ್ಲಲ್ಲ, ಅಂಗಾಂಶ ತೆಗೆದ ಮೊದಲ ಕೆಲವು ನಿಮಿಷಗಳಲ್ಲಿ. ಜೀವ ಹೋದೊಡನೆ ಜೀವಕೋಶದೊಳಗಿನ ಕಿಣ್ವಗಳು ಡಿಎನ್‌ಎಯನ್ನು ಕತ್ತರಿಸಲು ಶುರುಮಾಡುತ್ತವೆ. ಹಾಗೆ ತುಂಡಾದದ್ದನ್ನು ಯಾವ ಸಾಫ್ಟ್‌ವೇರೂ ಮತ್ತೆ ಉದ್ದ ಮಾಡಲಾರದು.

ಸ್ನಾಯು, ಹೃದಯ, ಮೂತ್ರಪಿಂಡ, ಯಕೃತ್ತು, ಮಿದುಳು, ವೃಷಣ ಅಥವಾ ಅಂಡಾಶಯ ಇವನ್ನು ಬೇರೆ ಬೇರೆ ತೆಗೆಯಿರಿ. ಪ್ರತಿಯೊಂದನ್ನೂ ಸುಮಾರು 50 ಮಿಲಿಗ್ರಾಂನ ತುಂಡುಗಳಾಗಿಸಿ, ಕ್ರಯೋ ಟ್ಯೂಬಿಗೆ ಹಾಕಿ, ದ್ರವ ಸಾರಜನಕದಲ್ಲಿ ಮುಳುಗಿಸಿ. ಆಮೇಲೆ ಮೈನಸ್ 80 ಡಿಗ್ರಿ. ಒಂದೇ ದೊಡ್ಡ ಟ್ಯೂಬಿಗೆ ಎಲ್ಲವನ್ನೂ ತುಂಬಬೇಡಿ. ಪ್ರತಿ ಸಲ ಒಂದು ಚೂರು ತೆಗೆಯಲು ಹೋದಾಗಲೂ ಉಳಿದದ್ದು ಕರಗುತ್ತದೆ.

ಕಪ್ಪೆಯ ಕೆಂಪು ರಕ್ತಕಣಗಳಿಗೆ ಕೋಶಕೇಂದ್ರ ಇರುವುದರಿಂದ ರಕ್ತವೇ ಚಿನ್ನ, 20 ಮೈಕ್ರೋಲೀಟರ್‌ನಲ್ಲೂ ಬೇಕಾದಷ್ಟು ಡಿಎನ್‌ಎ ಇರುತ್ತದೆ. ಇಡಿಟಿಎ ಹಾಕಿದ ಟ್ಯೂಬ್ ಬಳಸಿ, ಹೆಪಾರಿನ್ ಬೇಡ. ಹೆಪಾರಿನ್ ಡಿಎನ್‌ಎ ಜೊತೆಗೇ ಉಳಿದುಕೊಂಡು ಮುಂದಿನ ಕಿಣ್ವಗಳನ್ನು ತಡೆಯುತ್ತದೆ. ಚರ್ಮದ ಸ್ರಾವ, ಕರುಳಿನ ಬ್ಯಾಕ್ಟೀರಿಯಾ ಎರಡೂ ಉಪದ್ರವವೇ, ಅವೆರಡನ್ನೂ ದೂರವಿಡಿ. ಯಕೃತ್ತಿನಲ್ಲಿ ಕಪ್ಪು ವರ್ಣದ್ರವ್ಯ ಇರುವುದರಿಂದ ಡಿಎನ್‌ಎಗೆ ಅದು ಕೊನೆಯ ಆಯ್ಕೆ, ಆರ್‌ಎನ್‌ಎಗೆ ಇರಲಿ.

ಉದ್ದ ರೀಡ್ (ರೀಡ್ ಅಂದರೆ ಯಂತ್ರ ಓದಿಕೊಟ್ಟ ಒಂದು ಡಿಎನ್‌ಎ ತುಂಡಿನ ಸಾಲು), ಹೈ-ಸಿ, ಆರ್‌ಎನ್‌ಎ ಮೂರೂ ಒಂದೇ ಕಪ್ಪೆಯಿಂದ ಬರಲಿ. ಎರಡನೆಯದನ್ನು ಸಾಧ್ಯವಾದರೆ ಇನ್ನೊಂದು ಲಿಂಗದ್ದಾಗಿ ಆರಿಸಿ ಹಾಗೇ ಕಾದಿಡಿ. ಉಳಿದ ದೇಹ ಸಂಗ್ರಹಾಲಯದಲ್ಲಿ ನೋಂದಣಿ ಸಂಖ್ಯೆಯೊಂದಿಗೆ ಇರಬೇಕು. ನಾಳೆ ಈ ಪ್ರಭೇದ ಎರಡಾಗಿ ಒಡೆದರೆ ಜೀನೋಮ್ ಯಾವುದರದ್ದು ಎಂದು ಹೇಳಲು ಅದೊಂದೇ ಆಧಾರ. ಎಥನಾಲ್ ತುಂಡುಗಳನ್ನು ಮುಂದೆ ಚಿಕ್ಕ ರೀಡ್‌ನ ಜನಸಂಖ್ಯಾ ಅಧ್ಯಯನಕ್ಕೆ ಇಟ್ಟುಕೊಳ್ಳಿ.

ಉತ್ತರ 2

ಡಿಎನ್‌ಎ ತೆಗೆಯುವ ಹಂತದ ಬಗ್ಗೆ. ವೋರ್ಟೆಕ್ಸ್ ಮುಟ್ಟಬೇಡಿ, ಅಗಲ ಬಾಯಿಯ ಟಿಪ್ ಬಳಸಿ. ರಕ್ತ ಹೆಚ್ಚು ಹಾಕಿದರೆ ಇಡೀ ದ್ರಾವಣ ಲೋಳೆಯಂತಾಗಿ ಪ್ರೋಟೀನು ಬಿಡುವುದೇ ಇಲ್ಲ. ಇಲ್ಲಿ ಕಡಿಮೆ ಹಾಕಿದವನೇ ಜಾಣ.

ಎಲ್ಲರೂ ಎಡವುವ ಜಾಗ ಅಳತೆ. ಉದ್ದ ಡಿಎನ್‌ಎ ಬಫರಿನಲ್ಲಿ ಸಮನಾಗಿ ಹರಡಲು ಕೋಣೆಯ ಉಷ್ಣತೆಯಲ್ಲಿ ಒಂದೆರಡು ದಿನ ಬೇಕು. ಅವಸರಕ್ಕೆ ಅಳೆದರೆ ಟ್ಯೂಬಿನ ಮೇಲೆ ಒಂದು, ನಡುವೆ ಒಂದು, ತಳದಲ್ಲಿ ಇನ್ನೊಂದು ಅಂಕಿ ಬರುತ್ತದೆ. ಮೂರೂ ಕಡೆ ಡಿಎನ್‌ಎಯನ್ನಷ್ಟೇ ಅಳೆಯುವ ಕ್ಯೂಬಿಟ್‌ನಲ್ಲಿ ಅಳೆದು, ಅಂಕಿಗಳು ಹೊಂದುವವರೆಗೆ ಕಾಯಿರಿ. ಶುದ್ಧತೆ ತೋರಿಸುವ ನ್ಯಾನೊಡ್ರಾಪ್‌ನಲ್ಲಿ 260/280 ಅನುಪಾತ 1.8ರಿಂದ 2.0, 260/230 ಅನುಪಾತ 2ರ ಆಸುಪಾಸು ಇರಲಿ. ನ್ಯಾನೊಡ್ರಾಪ್ ಅಂಕಿ ಕ್ಯೂಬಿಟ್‌ಗಿಂತ ದುಪ್ಪಟ್ಟು ಇದ್ದರೆ ಆರ್‌ಎನ್‌ಎ ಉಳಿದಿದೆ ಎಂದೇ ಮೊದಲ ಅನುಮಾನ, ಆರ್‌ಎನ್‌ಏಸ್ ಹಾಕಿ ಮತ್ತೆ ಶುಚಿ ಮಾಡಿ. ತುಂಡುಗಳ ಉದ್ದ ಅಳೆಯುವ ಫೆಮ್ಟೋ ಪಲ್ಸ್‌ನಲ್ಲಿ ಹೆಚ್ಚಿನ ಪಾಲು 50 ಕಿಲೋಬೇಸ್‌ಗಿಂತ ಮೇಲಿದ್ದರೆ ಮುಂದುವರಿಯಿರಿ.

ಹೈಫೈಗೆ (ಉದ್ದವೂ ನಿಖರವೂ ಆದ ರೀಡ್) ಇದನ್ನು ಬೇಕೆಂದೇ 15ರಿಂದ 20 ಕಿಲೋಬೇಸ್‌ಗೆ ಒಡೆಯುತ್ತಾರೆ. ಉದ್ದ ಇದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಯಂತ್ರ ಅದೇ ತುಂಡನ್ನು ಸುತ್ತಿ ಸುತ್ತಿ ಓದಿ ತಪ್ಪು ತಿದ್ದಿಕೊಳ್ಳುತ್ತದೆ. ತುಂಡು ಉದ್ದವಾದರೆ ಸುತ್ತು ಕಡಿಮೆಯಾಗಿ ನಿಖರತೆ 99 ಶೇಕಡಾಕ್ಕಿಂತ ಕೆಳಗಿಳಿಯುತ್ತದೆ, ಆ ರೀಡ್ ಹೈಫೈ ಎಂದೇ ಉಳಿಯುವುದಿಲ್ಲ.

ಉತ್ತರ 3

ಲೆಕ್ಕ ಹೀಗೆ. 1 ಪೈಕೋಗ್ರಾಮ್ ಅಂದರೆ 978 ಮೆಗಾಬೇಸ್. 4.6 ಪೈಕೋಗ್ರಾಮ್ ಸುಮಾರು 4.5 ಗಿಗಾಬೇಸ್ ಆಯಿತು. ಎರಡು ಹ್ಯಾಪ್ಲೊಟೈಪ್ (ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದ ಜೀನೋಮ್ ಪ್ರತಿ) ಬೇರ್ಪಡಿಸಲು 30 ಪಟ್ಟು ಹೈಫೈ (ಪ್ರತಿ ಬೇಸನ್ನು ಸರಾಸರಿ 30 ಸಲ ಓದುವಷ್ಟು) ಬೇಕು, ಅಂದರೆ 135 ಗಿಗಾಬೇಸ್. ಹೈಫೈ ಓದುವ ರೆವಿಯೊ ಯಂತ್ರದ ಒಂದು ಸೆಲ್‌ನಿಂದ 90 ಗಿಗಾಬೇಸ್ ಆಸುಪಾಸು ನಿರೀಕ್ಷಿಸುವುದಾದರೆ ಎರಡು ಸೆಲ್. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಮೊದಲ ಸೆಲ್ ಬಂದ ಮೇಲೆ 21ರ ಕೆ-ಮರ್ (21 ಬೇಸ್ ಉದ್ದದ ಚೂರು) ಎಣಿಸಿ ಜೀನೋಮ್‌ಸ್ಕೋಪ್ ಸಾಫ್ಟ್‌ವೇರ್‌ಗೆ ಕೊಡಿ. ನಿಜವಾದ ಗಾತ್ರ, ಹೆಟೆರೋಜೈಗಸ್ ಪ್ರಮಾಣ (ಎರಡು ಪ್ರತಿಗಳು ಎಷ್ಟು ಬೇರೆ ಎಂಬುದು) ಎರಡೂ ಅಲ್ಲೇ ಕಾಣುತ್ತವೆ.

ಇಲ್ಲೊಂದು ಬಲೆ ಇದೆ. ಕೆ-ಮರ್ ಎಣಿಸುವ ಜೆಲ್ಲಿಫಿಶ್‌ನ ಹಿಸ್ಟೋಗ್ರಾಮ್ ತಾನಾಗಿ 10,000ಕ್ಕೆ ನಿಲ್ಲುತ್ತದೆ, ಕೆಎಂಸಿಯ ಎಣಿಕೆ 255ಕ್ಕೇ ನಿಲ್ಲುತ್ತದೆ. ಕಪ್ಪೆಯಂಥ ಪುನರಾವರ್ತನೆ ತುಂಬಿದ ಜೀನೋಮ್‌ನಲ್ಲಿ ಆ ಮಿತಿ ಏರಿಸದಿದ್ದರೆ ಗಾತ್ರ ನಿಜಕ್ಕಿಂತ ಬಹಳ ಕಡಿಮೆ ಬರುತ್ತದೆ. ಅದನ್ನು ನಂಬಿ ಡೇಟಾ ಸಾಕು ಎಂದುಕೊಂಡರೆ ಕೆಟ್ಟಿರಿ.

ಹೈ-ಸಿ ಬೇಕೇ ಬೇಕು. ಅದಿಲ್ಲದೆ ಕಾಂಟಿಗ್ (ರೀಡ್‌ಗಳಿಂದ ಎಡೆಯಿಲ್ಲದೆ ಜೋಡಿಸಿದ ತುಂಡು) ಸಿಗುತ್ತದೆ, ಕ್ರೋಮೋಸೋಮ್ ಸಿಗದು. 30 ಪಟ್ಟಿಗೆ 150 ಬೇಸ್‌ನ 45 ಕೋಟಿ ಜೋಡಿ ರೀಡ್. ದೊಡ್ಡ ಆರ್ಡರ್ ಕೊಡುವ ಮೊದಲು ಕೆಲವು ಲಕ್ಷ ಜೋಡಿ ಮಾತ್ರ ಓದಿಸಿ, ದೂರದ ಸಂಪರ್ಕಗಳು ಎಷ್ಟು, ನಕಲು ರೀಡ್ ಎಷ್ಟು ಎಂದು ನೋಡಿ.

ಉತ್ತರ 4

ಜೋಡಣೆಗೆ ಹೈಫೈಆಸ್ಮ್ ಸಾಫ್ಟ್‌ವೇರ್, ಹೈ-ಸಿ ರೀಡ್‌ಗಳನ್ನೂ ಜೊತೆಗೇ ಕೊಟ್ಟು. ಹೈ-ಸಿ ಬೇರೆ ಕಪ್ಪೆಯದ್ದಾಗಿದ್ದರೆ ಈ ವಿಧಾನ ನಡೆಯದು, ಹ್ಯಾಪ್ಲೊಟೈಪ್ ಕಲಸಿಹೋಗುತ್ತದೆ. ಮನುಷ್ಯರಿಗಿಂತ ದೊಡ್ಡ ಜೀನೋಮ್ ಆದ್ದರಿಂದ ಬ್ಲೂಮ್ ಫಿಲ್ಟರ್ ಆಯ್ಕೆಯನ್ನು 38ಕ್ಕೆ ಇಡಿ. 512 ಗಿಗಾಬೈಟ್ ಮೆಮೊರಿ ಇದ್ದರೆ ನೆಮ್ಮದಿ.

ಓಡಿ ಮುಗಿದೊಡನೆ ಲಾಗ್ ತೆರೆದು ಹೋಮೋಜೈಗಸ್ ಶಿಖರವನ್ನು (ಎರಡೂ ಪ್ರತಿಗಳಲ್ಲಿ ಒಂದೇ ಆಗಿರುವ ಕೆ-ಮರ್‌ಗಳು ಎಷ್ಟು ಸಲ ಬಂದಿವೆ ಎಂಬುದು) ಎಷ್ಟೆಂದು ಹಿಡಿದಿದೆ ನೋಡಿ. 30 ಪಟ್ಟು ಡೇಟಾದಲ್ಲಿ ಅದು 15 ಎಂದುಕೊಂಡಿದ್ದರೆ ಹೆಟೆರೋಜೈಗಸ್ ಶಿಖರವನ್ನು ತಪ್ಪಾಗಿ ಹಿಡಿದಿದೆ, ಜೋಡಣೆ ಉಬ್ಬಿರುತ್ತದೆ. ಹೋಮ್-ಕವ್ ಆಯ್ಕೆಯಲ್ಲಿ ಸರಿಯಾದ ಅಂಕಿ ಕೊಟ್ಟು ಮತ್ತೆ ಓಡಿಸಿ, ಹಳೆಯ ಬಿನ್ ಫೈಲುಗಳಿದ್ದರೆ ಎರಡನೆಯ ಸಲ ಬೇಗ ಮುಗಿಯುತ್ತದೆ. ಅದರ ಮೇಲೆ ಪರ್ಜ್‌ಡಪ್ಸ್ ಓಡಿಸಿ ನಕಲು ತೆಗೆಯಿರಿ. ಆಮೇಲೆ ಯಾಹ್ಸ್‌ನಿಂದ ಸ್ಕ್ಯಾಫೋಲ್ಡ್ (ಕಾಂಟಿಗ್‌ಗಳನ್ನು ಕ್ರೋಮೋಸೋಮ್ ಕ್ರಮದಲ್ಲಿ ಸೇರಿಸುವುದು).

ಉತ್ತರ 5

ಪರ್ಜ್‌ಡಪ್ಸ್ ಮಾತು ಒಪ್ಪುವಂಥದ್ದಲ್ಲ. ಹೈ-ಸಿಯೊಂದಿಗೆ ಹ್ಯಾಪ್ಲೊಟೈಪ್ ಬೇರ್ಪಡಿಸಿದ ಮೇಲೆ ಕಣ್ಣುಮುಚ್ಚಿ ಅದನ್ನು ಓಡಿಸಿದರೆ ನಿಜವಾಗಿಯೂ ಎರಡು ಪ್ರತಿ ಇರುವ ಜೀನ್‌ಗಳೇ ಹೋಗುತ್ತವೆ. ಪ್ರೈಮರಿ-ಆಲ್ಟರ್ನೇಟ್ ಮಾದರಿಯ (ಒಂದು ಮುಖ್ಯ ಪ್ರತಿ, ಉಳಿದದ್ದು ಬೇರೆ ಫೈಲಿನಲ್ಲಿ) ಜೋಡಣೆಗೆ ಸರಿ, ಅಲ್ಲೂ ಕವರೇಜ್ ಹಿಸ್ಟೋಗ್ರಾಮ್ ನೋಡಿ ಮಿತಿಗಳನ್ನು ಕೈಯಾರೆ ಇಡಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ದಿನಗಟ್ಟಲೆ ತಿನ್ನುತ್ತದೆ. ರೀಡ್‌ಗಳನ್ನು ಜೀನೋಮ್ ಮೇಲೆ ಹೊಂದಿಸಿಟ್ಟ ಬ್ಯಾಮ್ ಫೈಲಿನ ಬಿಎಐ ಇಂಡೆಕ್ಸ್ 512 ಮೆಗಾಬೇಸ್‌ಗಿಂತ ಉದ್ದದ ಕ್ರೋಮೋಸೋಮ್‌ಗೆ ಆಗುವುದಿಲ್ಲ. ನಿಮ್ಮ ಕಪ್ಪೆಯ ದೊಡ್ಡ ಕ್ರೋಮೋಸೋಮ್ ಆ ಗಡಿ ದಾಟಬಹುದು. ಮೊದಲಿಂದಲೇ ಸಿಎಸ್‌ಐ ಇಂಡೆಕ್ಸ್ ಮಾಡಿ.

ಯಾಹ್ಸ್ ಕೊಟ್ಟದ್ದೇ ಅಂತಿಮ ಎಂದು ಸಲ್ಲಿಸಬೇಡಿ. ಪ್ರೆಟೆಕ್ಸ್ಟ್‌ವ್ಯೂನಲ್ಲಿ ಹೈ-ಸಿ ಸಂಪರ್ಕ ನಕ್ಷೆ ತೆರೆದರೆ ಒಂದು ಹ್ಯಾಪ್ಲೊಟೈಪ್‌ಗೆ ಕರ್ಣದ ಮೇಲೆ 13 ಚೌಕಗಳು ಕಾಣಬೇಕು. ಒಂದು ಚೌಕದೊಳಗೆ ಕರ್ಣಕ್ಕೆ ಅಡ್ಡಲಾಗಿ ಚಿಟ್ಟೆಯ ರೆಕ್ಕೆಯಂಥ ಗುರುತಿದ್ದರೆ ಆ ತುಂಡು ತಿರುವುಮುರುವಾಗಿ ಕೂತಿದೆ. ಕರ್ಣದಿಂದ ದೂರದಲ್ಲಿ ಗಾಢ ಕಲೆ ಇದ್ದರೆ ತುಂಡು ಬೇರೆ ಜಾಗದ್ದು. ಕರ್ಣಕ್ಕೆ ಸಮಾಂತರವಾಗಿ ತೆಳು ಗೆರೆ, ಅಲ್ಲಿ ರೀಡ್ ಆಳವೂ ಅರ್ಧ ಎಂದರೆ ಉಳಿದುಕೊಂಡ ನಕಲು. ಕೈಯಿಂದ ತಿದ್ದುವ ಈ ಕೆಲಸಕ್ಕೆ ಒಂದು ವಾರ ತೆಗೆದಿಡಿ. ಕ್ರೋಮೋಸೋಮ್ ತುದಿಗಳಲ್ಲಿ ಟಿಟಿಎಜಿಜಿಜಿ ಸಾಲು ಸಿಕ್ಕರೆ ದಿಕ್ಕು ಸರಿಯಿದೆ ಎಂಬ ಭರವಸೆ.

ಕೇಳಿದವರಿಂದ

ತುಂಬಾ ಉಪಕಾರವಾಯಿತು. ಬಸ್ಕೊದಲ್ಲಿ (ಇರಲೇಬೇಕಾದ ಜೀನ್‌ಗಳನ್ನು ಹುಡುಕುವ ಪರೀಕ್ಷೆ) ಡುಪ್ಲಿಕೇಟ್ 9 ಶೇಕಡಾ ಎಂದು ಬಂದರೆ ಗಾಬರಿಯಾಗಬೇಕೆ? ಎನ್50 (ಜೋಡಣೆಯ ಅರ್ಧ ಭಾಗ ಇದಕ್ಕಿಂತ ಉದ್ದದ ತುಂಡುಗಳಲ್ಲಿದೆ ಎನ್ನುವ ಅಳತೆ) ಎಷ್ಟಿದ್ದರೆ ಸಾಕು?

ಉತ್ತರ 6

ಎನ್50 ಒಂದನ್ನೇ ನೋಡಬೇಡಿ, ತಪ್ಪಾಗಿ ಅಂಟಿಸಿದರೂ ಅದು ಏರುತ್ತದೆ. ಅರ್ತ್ ಬಯೋಜೀನೋಮ್ ಪ್ರಾಜೆಕ್ಟ್ ಇಟ್ಟುಕೊಂಡಿರುವ ಗುರಿ ಕಾಂಟಿಗ್ ಎನ್50 1 ಮೆಗಾಬೇಸ್, ಕ್ರೋಮೋಸೋಮ್ ಮಟ್ಟದ ಸ್ಕ್ಯಾಫೋಲ್ಡ್, ಕ್ಯೂವಿ 40. ಕ್ಯೂವಿ 40 ಅಂದರೆ 10,000 ಬೇಸ್‌ಗೆ ಒಂದು ತಪ್ಪು. ರೀಡ್ ಮತ್ತು ಜೋಡಣೆಯ ಕೆ-ಮರ್ ಹೋಲಿಸುವ ಮರ್ಕ್ಯುರಿಯಲ್ಲಿ ಕ್ಯೂವಿ ನೋಡುವಾಗ ಜೋಡಿಸಿದ ಹೈಫೈ ರೀಡ್‌ಗಳನ್ನೇ ಕೊಟ್ಟರೆ ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ. ಅದೇ ಕಪ್ಪೆಯ ಚಿಕ್ಕ ರೀಡ್ ಇದ್ದರೆ ಅದನ್ನು ಕೊಡಿ.

9 ಶೇಕಡಾ ಡುಪ್ಲಿಕೇಟ್ ಎರಡು ಹ್ಯಾಪ್ಲೊಟೈಪನ್ನೂ ಒಂದೇ ಫೈಲಿಗೆ ಸೇರಿಸಿದ್ದರಿಂದ ಬಂದದ್ದಲ್ಲ, ಹಾಗಾಗಿದ್ದರೆ 90ರ ಮೇಲಿರುತ್ತಿತ್ತು. ಒಂದು ಹ್ಯಾಪ್ಲೊಟೈಪ್‌ನಲ್ಲೇ 9 ಇದ್ದರೆ ಮರ್ಕ್ಯುರಿಯ ಪ್ರತಿಸಂಖ್ಯಾ ನಕ್ಷೆ ತೆಗೆಯಿರಿ. 30 ಪಟ್ಟಿನ ಶಿಖರದ ಕೆ-ಮರ್ ಎರಡೆರಡು ಸಲ ಬಂದಿದ್ದರೆ ಜೋಡಣೆಯ ದೋಷ, ಹೋಮ್-ಕವ್‌ಗೆ ಹಿಂತಿರುಗಿ. 60 ಪಟ್ಟಿನ ಸುತ್ತ ಇದ್ದರೆ ಅದು ಕಪ್ಪೆಯದೇ ಸ್ವಭಾವ, ಆ ಜೀನ್‌ಗಳು ನಿಜವಾಗಿ ಇಮ್ಮಡಿಸಿವೆ. ಬಸ್ಕೊಗೆ ಟೆಟ್ರಪೋಡ ಸಮೂಹವನ್ನೇ ಆರಿಸಿ, ಯೂಕ್ಯಾರಿಯೋಟ ಆರಿಸಿದರೆ ಅಂಕ ಸುಮ್ಮನೆ ಹೊಳೆಯುತ್ತದೆ.

ಸಲ್ಲಿಸುವ ಮೊದಲು ಎಫ್‌ಸಿಎಸ್-ಜಿಎಕ್ಸ್‌ನಿಂದ ಪರಜೀವಿ, ಬ್ಯಾಕ್ಟೀರಿಯಾ ತುಂಡುಗಳನ್ನು ತೆಗೆಯಿರಿ. ಅದಕ್ಕೂ ಸುಮಾರು 470 ಗಿಗಾಬೈಟ್ ಮೆಮೊರಿ ಬೇಕು, ಜೋಡಣೆಗೆ ಯಂತ್ರ ಸಿಕ್ಕ ದಿನಗಳಲ್ಲೇ ಮುಗಿಸಿಕೊಳ್ಳಿ. ಮೈಟೋಕಾಂಡ್ರಿಯವನ್ನು ಮೈಟೊಹೈಫೈನಲ್ಲಿ ಬೇರೆಯಾಗಿ ಜೋಡಿಸಿ. ಜೀನ್ ಗುರುತಿಸುವಾಗ ಪುನರಾವರ್ತನೆಗಳನ್ನು ಸಣ್ಣಕ್ಷರದಲ್ಲಿ ಮಾತ್ರ ಮರೆಮಾಡಿ. ಎನ್ ಅಕ್ಷರ ತುಂಬಿದರೆ ಜೀನ್‌ಗಳ ತುದಿಗಳೂ ಕತ್ತರಿಸಿಹೋಗುತ್ತವೆ.