ಗುರುದ್ವಾರದ ಗೋಲಕಕ್ಕೆ (ಕಾಣಿಕೆ ಹುಂಡಿಗೆ) ಎಷ್ಟು ಹಾಕಬೇಕು? ಹೋಗಿ ಬಂದವರು ಹೇಳಿ

ಧಾರವಾಡದಿಂದ, ಪ್ರಶ್ನೆ

ಅತ್ತೆಯವರನ್ನು ಕರ್ಕೊಂಡು ಬೀದರ್‌ನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗುತ್ತಿದ್ದೇವೆ. ಚಳಿಗಾಲ ಕಳೆದ ಮೇಲೆ ಅಮೃತಸರಕ್ಕೂ ಹೋಗುವ ಯೋಚನೆ ಇದೆ. ಮಾವನವರ ಹೆಸರಿನಲ್ಲಿ ಅತ್ತೆ ಮುಡಿಪು ಕಟ್ಟಿಟ್ಟಿದ್ದಾರೆ. ಅದನ್ನು ಅಲ್ಲೇ ಹಾಕಬೇಕು ಅಂತ ಹಠ. ಅರ್ಚನೆ ಚೀಟಿ, ವಿಶೇಷ ದರ್ಶನ ಅಂತೆಲ್ಲ ಏನಾದರೂ ಇರುತ್ತಾ? ಎಷ್ಟು ಹಾಕಿದರೆ ಸರಿ? ಕಡಿಮೆ ಹಾಕಿದರೆ ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ನನಗೆ ಒಳಗೊಳಗೇ ಅಳುಕು.

ಬೀದರ್‌ನಿಂದ

ಅಕ್ಕ, ಮೊದಲು ಆ ಅಳುಕು ಬಿಡಿ. ಇಲ್ಲಿ ಅರ್ಚನೆ ಚೀಟಿ ಇಲ್ಲ, ಕಾಯಿ ಒಡೆಸುವುದಿಲ್ಲ. ದುಡ್ಡು ಕೊಟ್ಟವರಿಗೆ ಬೇರೆ ಸಾಲೂ ಇಲ್ಲ. ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್ ಎದುರಿಗೇ ಗೋಲಕ್ ಇರುತ್ತದೆ. ಹಾಕುವವರು ಹಾಕುತ್ತಾರೆ, ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿ ಪಕ್ಕಕ್ಕೆ ಸರಿಯುತ್ತಾರೆ. ಅದಕ್ಕೆ ಮತ್ಥಾ ಟೇಕ್ನಾ ಅನ್ನುತ್ತಾರೆ. ಏನೂ ಹಾಕದೆ ಬರೀ ತಲೆ ಬಾಗಿಸಿ ಹೋಗುವವರೂ ಬೇಕಾದಷ್ಟು ಜನ. ಹಿಂದೆ ನಿಂತವರಿಗೆ ನಿಮ್ಮ ಕೈಯಲ್ಲಿ ಹತ್ತಿದೆಯೋ ಐನೂರಿದೆಯೋ ನೋಡುವ ಗೊಡವೆ ಇರುವುದಿಲ್ಲ.

ಊರಿನವನಾಗಿ ಒಂದು ಮಾತು ಸೇರಿಸುತ್ತೇನೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗ್ ಕತ್ತಿ ಹಿಡಿದು ತಲೆ ಕೊಡುವವರು ಯಾರು ಅಂತ ಕೇಳಿದಾಗ ಐವರು ಎದ್ದು ಬಂದರಲ್ವಾ, ಅವರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರ್‌ನವರು. ಕ್ಷೌರಿಕರ ಮನೆತನದವರು ಅಂತ ಹೇಳುತ್ತಾರೆ. ಆ ದಿನ ಅವರಿಂದ ಯಾರೂ ಕಾಸು ಕೇಳಲಿಲ್ಲ.

ಬಂಡೆಯಿಂದ ಬರುವ ಝೀರಾದ ನೀರು ತುಂಬಿಕೊಳ್ಳಲು ಬಾಟಲಿ ತನ್ನಿ. ಅದಕ್ಕೂ ದುಡ್ಡಿಲ್ಲ.

ಅಮೃತಸರದಲ್ಲಿ ಕೆಲಸದ ಮೇಲೆ ಇದ್ದವರು

ಸ್ವರ್ಣಮಂದಿರ ಅನ್ನುತ್ತೇವಲ್ಲ, ಆ ಹರಮಂದಿರ್ ಸಾಹಿಬ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಕಡಾಹ್ ಪ್ರಸಾದದ ಪದ್ಧತಿ. ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಮೂರೂ ಸಮ ತೂಕ. ಕೌಂಟರಿನಲ್ಲಿ ನಿಮಗೆ ತೋಚಿದಷ್ಟು ಕೊಟ್ಟರೆ ಎಲೆಯ ದೊನ್ನೆಯಲ್ಲಿ ಬಿಸಿ ಬಿಸಿ ಪ್ರಸಾದ ಕೊಡುತ್ತಾರೆ. ಅದನ್ನು ಹಿಡಿದುಕೊಂಡು ದರ್ಶನದ ಸಾಲಿಗೆ ಹೋಗಬೇಕು. ಅಲ್ಲಿ ಸೇವಾದಾರರು ನಿಮ್ಮ ದೊನ್ನೆಯಿಂದ ಅರ್ಧ ತೆಗೆದು ದೊಡ್ಡ ಪಾತ್ರೆಗೆ ಹಾಕಿಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಹೊರಗೆ ಬರುವಾಗ ಎಲ್ಲರ ಕೈಗೂ ಹಾಕುವುದು ಆ ಪಾತ್ರೆಯದ್ದನ್ನೇ. ಹಣ ಕೊಟ್ಟವರು, ಕೊಡದವರು ಇಬ್ಬರ ಬಾಯಿಗೂ ಒಂದೇ ಪ್ರಸಾದ. ನಿಮ್ಮ ಅತ್ತೆಯವರ ಮುಡಿಪಿನಲ್ಲಿ ಸ್ವಲ್ಪ ಇದಕ್ಕೆ ತೆಗೆದಿಡಿ.

ಆದರೆ ಅಲ್ಲಿ ದುಡ್ಡಿನ ಗುರುತೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಸರೋವರದ ಸುತ್ತ ನಡೆಯುವಾಗ ಕಣ್ಣು ಹಾಯಿಸಿ, ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕಗಳು ಕಾಣುತ್ತವೆ. ಹೆಸರಿನ ಆಸೆ ಎಲ್ಲ ಕಡೆ ಇದ್ದದ್ದೇ ಬಿಡಿ. ನನಗೆ ಅದಕ್ಕಿಂತ ಹೆಚ್ಚು ನೆನಪಿರುವುದು ಲಂಗರಿನ, ಅಂದರೆ ಎಲ್ಲರಿಗೂ ಉಚಿತ ಊಟ ಹಾಕುವ ಅಡುಗೆಮನೆಯ, ಪಾತ್ರೆ ತೊಳೆಯುವ ಜಾಗ. ಹಗಲು ರಾತ್ರಿ ಸ್ಟೀಲ್ ತಟ್ಟೆಗಳ ಸದ್ದು. ಒಳ್ಳೆ ರೇಷ್ಮೆ ಚೂಡಿದಾರ್ ಹಾಕಿಕೊಂಡವರೂ ತೋಳು ಮಡಚಿ ನೊರೆಯಲ್ಲಿ ಕೈ ಹಾಕಿರುತ್ತಾರೆ. ನಿಲ್ಲಲು ಆಗದ ಹಿರಿಯರು ಕೂತು ಬೆಳ್ಳುಳ್ಳಿ ಬಿಡಿಸುತ್ತಾರೆ. ಅತ್ತೆಯವರಿಗೆ ಅದು ಹೇಳಿ ಮಾಡಿಸಿದ ಸೇವೆ. ಯಾರನ್ನೂ ಕೇಳಬೇಕಿಲ್ಲ, ಹೋಗಿ ಕೂತರೆ ಆಯಿತು.

ಬೆಂಗಳೂರಿನಲ್ಲೇ ಬೆಳೆದ ಸಿಖ್ ಒಬ್ಬರು

ಮೇಡಂ, ನಮ್ಮಲ್ಲಿ ದಸ್ವಂಧ್ ಅಂತ ಇದೆ. ಸಂಪಾದನೆಯ ಹತ್ತನೇ ಒಂದು ಭಾಗ ತೆಗೆದಿಡುವುದು. ಅದು ನಮ್ಮ ಕಟ್ಟುಪಾಡು, ಬಂದ ಅತಿಥಿಗಳಿಗಲ್ಲ. ಅದಕ್ಕೂ ಮೊದಲು ದುಡಿದು ತಿನ್ನು ಅನ್ನುವುದು ಬರುತ್ತದೆ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಸಾಖಿ (ಗುರುಗಳ ಕಥೆ) ಇದು: ಸೈದ್‌ಪುರದಲ್ಲಿ ಮಲಿಕ್ ಭಾಗೋ ಅನ್ನುವ ಅಧಿಕಾರಿ ದೊಡ್ಡ ಔತಣ ಇಟ್ಟ. ಗುರು ನಾನಕ್ ಅದನ್ನು ಬಿಟ್ಟು ಬಡಗಿ ಭಾಯಿ ಲಾಲೋ ಮನೆಯ ಒರಟು ರೊಟ್ಟಿ ತಿಂದರು. ಕೇಳಿದ್ದಕ್ಕೆ ಎರಡೂ ಮನೆಯ ರೊಟ್ಟಿ ಹಿಂಡಿ ತೋರಿಸಿದರಂತೆ. ಲಾಲೋ ರೊಟ್ಟಿಯಿಂದ ಹಾಲು, ಭಾಗೋ ರೊಟ್ಟಿಯಿಂದ ರಕ್ತ.

ಕಾಣಿಕೆ ಸಂಗ್ರಹಿಸಲು ಮಸಂದರು ಅಂತ ಇದ್ದರು. ಅವರು ದುಡ್ಡು ನುಂಗತೊಡಗಿದಾಗ ಗುರು ಗೋಬಿಂದ್ ಸಿಂಗ್ ಆ ವ್ಯವಸ್ಥೆಯನ್ನೇ ತೆಗೆದುಹಾಕಿದರು. ಮುಂದೆ ಗುರುದ್ವಾರ ನೋಡಿಕೊಳ್ಳುತ್ತಿದ್ದ ಮಹಂತರು ಅವನ್ನು ಸ್ವಂತ ಆಸ್ತಿ ಮಾಡಿಕೊಂಡಾಗ ಜನ ಪ್ರಾಣ ಕೊಟ್ಟು ಬಿಡಿಸಿಕೊಂಡರು, ಆಡಳಿತವನ್ನು ಚುನಾಯಿತ ಸಮಿತಿಗೆ ಕೊಟ್ಟ 1925ರ ಗುರುದ್ವಾರ ಕಾನೂನು ಬಂದದ್ದು ಆಮೇಲೆ. ಹಾಗಾಗಿ ಗೋಲಕಿನ ಲೆಕ್ಕ ಕೇಳುವುದು ನಮ್ಮಲ್ಲಿ ತಪ್ಪಲ್ಲ. ಈಗಲೂ ಜಗಳ ಆಗುತ್ತಿರುತ್ತದೆ, ಆಗಲಿ!

ಮಾವನವರ ಹೆಸರಿನಲ್ಲಿ ಕೊಡಬೇಕಿದ್ದರೆ ಕಚೇರಿಯಲ್ಲಿ ಲಂಗರಿಗೆ ಅಂತ ಹೇಳಿ ಕೊಟ್ಟು ರಸೀದಿ ತಗೊಳ್ಳಿ. ಅವರಿಗಾಗಿ ಅರ್ದಾಸ್ (ಪ್ರಾರ್ಥನೆ) ಮಾಡಿ ಅಂತಲೂ ಕೇಳಬಹುದು. ಕೈಯಲ್ಲಿ ದುಡ್ಡಿಲ್ಲದವರೂ ಕೇಳಬಹುದು.

ಹುಬ್ಬಳ್ಳಿಯಿಂದ

ದೊಡ್ಡವರು ಎಲ್ಲ ಹೇಳಿದರು. ನನ್ನದು ಬರೀ ಕೆಲಸಕ್ಕೆ ಬರುವ ಮಾತು. ತಲೆಗೆ ಸೆರಗೋ ದುಪಟ್ಟಾನೋ ಇರಲಿ, ಗಂಡಸರು ಕರವಸ್ತ್ರ ಕಟ್ಟಿಕೊಳ್ಳಲಿ. ಲಂಗರಿನಲ್ಲಿ ರೊಟ್ಟಿ ಎರಡೂ ಕೈಯಲ್ಲಿ ತಗೊಳ್ಳಬೇಕು, ತಟ್ಟೆಯಲ್ಲಿ ಬಿಡಬಾರದು. ನೆಲದ ಮೇಲೆ ಕೂರಲು ಅತ್ತೆಯವರಿಗೆ ಮಂಡಿ ನೋವಿದ್ದರೆ ಸೇವಾದಾರರಿಗೆ ಮೊದಲೇ ಹೇಳಿ. ಪ್ರಸಾದದಲ್ಲಿ ತುಪ್ಪ, ಸಕ್ಕರೆ ಎರಡೂ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದರೆ ಚೂರೇ ಚೂರು ಹಾಕಿಸಿಕೊಳ್ಳಲಿ. ಬೇಡ ಅನ್ನುವುದಕ್ಕಿಂತ ಅದು ವಾಸಿ.